ನಿಂತ ಗಾಡಿಗೆ ಕೆಂಪು ಬಣ್ಣ

ನಮ್ಮ ಲಾರಿ ಕಂಪನಿಯ ಕಂಟ್ರೋಲ್ ರೂಮಿನ ಪರದೆಯಲ್ಲಿ ಓಡುವ ಗಾಡಿ ಹಸಿರು, ನಿಂತ ಗಾಡಿ ಕೆಂಪು. ಯಾಕೆ ನಿಂತಿದೆ ಎಂದು ಬರೆಯಲು ಅದರಲ್ಲಿ ಜಾಗ ಇಲ್ಲ. ಕೆಂಪಾದ ಸ್ವಲ್ಪ ಹೊತ್ತಿಗೆ ಡ್ರೈವರ್‌ಗೆ ಫೋನ್ ಹೋಗುತ್ತದೆ. ಅಂಥದ್ದೊಂದು ಫೋನಿನ ಕೋಪ ನನಗೆ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲಾರಿ ಓಡಿಸುತ್ತಲೇ ತಲೆ ನರೆತವನು. ಅಪ್ಪನೂ ಡ್ರೈವರ್. ಈಗ ಹೊಸದಾಗಿ ಸೇರಿದ ಹುಡುಗರ ಪಕ್ಕ ಕೂತು ಲೈನಿಗೆ ಹೋಗಿಬರುತ್ತೇನೆ. ಇವನಿಗೆ ಒಬ್ಬನಿಗೇ ಗಾಡಿ ಕೊಡಬಹುದಾ, ಬೇಡವಾ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಆ ಫೋನ್ ಬಂದದ್ದು ಅಂಥ ಒಬ್ಬ ಹುಡುಗನ ಜೊತೆ ಹೋದ ಟ್ರಿಪ್ಪಿನಲ್ಲಿ. ಬೆಳಿಗ್ಗೆಯೇ ಗೇಟ್ ಇನ್ ಆಗಿತ್ತು, ಅಂದರೆ ಲೋಡ್ ಮಾಡುವ ಜಾಗದ ಗೇಟಿನೊಳಗೆ ಹೋಗಿದ್ದೆವು. ಸರಕು ತುಂಬುವ ಡಾಕ್ ಸಿಕ್ಕಿದ್ದು ಸಂಜೆ. ನಡುವೆ ಮಲಗುವ ಹಾಗಿಲ್ಲ. ಮುಂದಿನ ಗಾಡಿ ಸರಿದಾಗ ನಾವೂ ಸರಿಯಬೇಕು, ಇಲ್ಲದಿದ್ದರೆ ಹಿಂದಿನವನು ನುಗ್ಗುತ್ತಾನೆ. ಪೇಪರ್ ಕೆಲಸಕ್ಕೆ ಗೇಟಿಗೂ ಆಫೀಸಿಗೂ ಓಡಾಡಬೇಕು. ಈ ಹೊತ್ತು ಯಾವುದೂ ಟ್ರಿಪ್ ಶೀಟಿನಲ್ಲಿ ಬರುವುದಿಲ್ಲ. ಗಾಡಿ ಓಡಿಲ್ಲ, ಹಾಗಾಗಿ ಡ್ರೈವರ್ ಸುಮ್ನೆ ಕೂತಿದ್ದ ಎಂದೇ ಲೆಕ್ಕ. ಲೋಡ್ ಆಗಿ ಸೀಲ್ ಬಿದ್ದ ಮೇಲೆ ಅನ್‌ಲೋಡಿಂಗ್ ಸ್ಲಾಟ್, ಅಂದರೆ ಸರಕು ಇಳಿಸಲು ಗೊತ್ತುಮಾಡಿದ ಹೊತ್ತು, ಕೊಟ್ಟರು. ಆಗಷ್ಟೇ ನಿದ್ದೆ ಮುಗಿಸಿ ಬಂದವನಿಗೆ ಕೊಡುವಂಥ ಸ್ಲಾಟು ಅದು.

ರಾತ್ರಿ ಘಾಟಿಯ ತಲೆಗೆ ಬಂದೆವು. ಒಟ್ಟು ತೂಕ 40 ಟನ್ ಹತ್ತಿರ. ಇಳಿಜಾರು ಶುರುವಾಗುವ ಮೊದಲು ಲಾರಿ ನಿಲ್ಲಿಸಲು ಅಗಲವಾದ ಜಾಗ ಇದೆ. ಹುಡುಗ ಇಂಡಿಕೇಟರ್ ಹಾಕಿ ಅಲ್ಲಿಗೆ ತಂದು ನಿಲ್ಲಿಸಿದ. ಎಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಂಡ. ಚಕ್ರಕ್ಕೆ ಅಡ್ಡ ಕೊಟ್ಟು, ಟಾರ್ಚ್ ಹಿಡಿದು ಒಂದು ಸುತ್ತು ಬಂದ.

"ಅಣ್ಣಾ, ಹಿಂದಿನ ಆಕ್ಸಲ್ ಬಲಗಡೆ ಡ್ರಮ್ ಮಾತ್ರ ತಣ್ಣಗಿದೆ. ಉಳಿದವೆಲ್ಲ ಬಿಸಿ ಇವೆ. ನನಗೂ ಕಣ್ಣು ಎಳೀತಿದೆ. ಇವತ್ತು ಇಲ್ಲೇ ನಿಲ್ಲಿಸ್ತೀನಿ."

ಬ್ರೇಕ್ ಹಿಡಿದಾಗ ಚಕ್ರದ ಡ್ರಮ್ ಬಿಸಿಯಾಗಬೇಕು. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲವೇನೋ ಎಂಬ ಅನುಮಾನ. ಅಷ್ಟರಲ್ಲಿ ಫೋನ್ ಬಂತು. ಸ್ಪೀಕರ್‌ಗೆ ಹಾಕಿದ.

"ಗಾಡಿ ಯಾಕೆ ನಿಂತಿದೆ?"

"ಡ್ಯೂಟಿ ಟೈಮ್ ಮುಗೀತು ಸರ್. ಬ್ರೇಕೂ ಚೆಕ್ ಮಾಡಬೇಕು."

"ಡ್ರೈವಿಂಗ್ ಅವರ್ಸ್ ಇನ್ನೂ ಬಾಕಿ ತೋರಿಸ್ತಿದೆಯಲ್ಲ. ಡ್ಯಾಶ್‌ಬೋರ್ಡಲ್ಲಿ ವಾರ್ನಿಂಗ್ ಏನೂ ಬಂದಿಲ್ಲ ತಾನೇ? ಸ್ಲಾಟ್ ತಪ್ಪಿದರೆ ಪಾರ್ಟಿಗೆ ಯಾರು ಉತ್ತರ ಕೊಡೋದು? ಪಕ್ಕದಲ್ಲಿ ಸೀನಿಯರ್ ಇದ್ದಾರಲ್ಲ, ಅವರಿಗೆ ಕೊಡು."

ನಾನು ಫೋನ್ ತೆಗೆದುಕೊಳ್ಳಲಿಲ್ಲ. ಹುಡುಗನಿಗೆ ಹೇಳಿದೆ: "ಆ ಕಡೆ ಕೂತ್ಕೋ ತಮ್ಮಾ, ನಾನು ಇಳಿಸ್ತೀನಿ. ಬ್ರೇಕ್ ಹೇಗಿದೆ ಅಂತ ಕಾಲಿಗೇ ಗೊತ್ತಾಗುತ್ತೆ."

ಅವನು ಕೀ ಕೊಡಲಿಲ್ಲ.

ಲೈನ್ ಇನ್ನೂ ಕಟ್ ಆಗಿರಲಿಲ್ಲ. ಆ ಕಡೆ ಯಾರೋ ಕೀಬೋರ್ಡ್ ಒತ್ತುವ ಸದ್ದು ಕೇಳುತ್ತಿತ್ತು. ನಮ್ಮ ಪಕ್ಕದಲ್ಲೇ ಬೇರೆ ಲಾರಿಗಳು ಎಕ್ಸಾಸ್ಟ್ ಬ್ರೇಕ್ ಹಾಕಿಕೊಂಡು ಒಂದೊಂದಾಗಿ ಇಳಿಯುತ್ತಿದ್ದವು. ಅವನ ನೌಕರಿ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಅವನ ಕಾಗದದ ಮೇಲೆ ಸಹಿ ಹಾಕಬೇಕಾದವನು ನಾನೇ. ಅದು ಅವನಿಗೂ ಗೊತ್ತು. ಜೇಬಿನ ಮೇಲಿಟ್ಟ ಅವನ ಕೈ ನಡುಗುತ್ತಿದ್ದುದು ಟಾರ್ಚ್ ಬೆಳಕಿನಲ್ಲಿ ಕಾಣಿಸಿತು. ನನಗೆ ಆ ಹೊತ್ತಿನಲ್ಲಿ ಅನಿಸಿದ್ದು ಇಷ್ಟೇ: ಹುಡುಗ ಘಾಟಿಗೆ ಹೆದರಿದ್ದಾನೆ, ಹೆದರಿಕೆಗೆ ರೂಲ್ಸ್ ಅಡ್ಡ ಹಿಡಿಯುತ್ತಿದ್ದಾನೆ. ಇವನಿಗೆ ಗಾಡಿ ಕೊಡುವುದು ಬೇಡ ಎಂದು ಮನಸ್ಸಿನಲ್ಲೇ ಬರೆದೂ ಆಗಿತ್ತು.

"ಅಣ್ಣಾ, ಒಂದು ಸಲ ಬ್ರೇಕ್ ತುಳಿದು ಹಿಡೀರಿ. ನಾನು ಕೆಳಗೆ ಹೋಗಿ ಅಳೀತೀನಿ. ಆಮೇಲೂ ಇಳಿಸ್ತೀನಿ ಅಂದ್ರೆ ಮಾತಾಡೋಣ."

ಅಡ್ಡ ಕೊಟ್ಟಿದ್ದನ್ನು ಇನ್ನೊಮ್ಮೆ ನೋಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಪೆಡಲ್ ತುಳಿದು ಹಿಡಿದೆ. ಟ್ಯಾಂಕಿನಲ್ಲಿ ಗಾಳಿ ಸಾಕಷ್ಟಿತ್ತು. ಪೆಡಲ್ ಎಂದಿನ ಹಾಗೇ ಇತ್ತು, ಒಂದಿಷ್ಟೂ ವ್ಯತ್ಯಾಸ ಇಲ್ಲ. ಕೆಳಗಿನಿಂದ ಅವನು ಕೂಗಿದ. ಬ್ರೇಕ್ ಬಿಟ್ಟಾಗ, ಗಾಳಿಯ ಒತ್ತಡಕ್ಕೆ ಮುಂದೆ ಬಂದು ಬ್ರೇಕ್ ಹಿಡಿಸುವ ಪುಶ್ ರಾಡ್ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದ. ತುಳಿದಾಗ ಆ ಗೆರೆ ಎಷ್ಟು ಮುಂದೆ ಬಂತು ಎಂದು ಟೇಪಿನಲ್ಲಿ ಅಳೆದಿದ್ದ. ಆ ರಾಡನ್ನು ಗಾಳಿಯಿಂದ ತಳ್ಳುವ ಡಬ್ಬಿಗೆ ಚೇಂಬರ್ ಎನ್ನುತ್ತೇವೆ. ನಮ್ಮ ಗಾಡಿಯಲ್ಲಿರುವ ಮಾಮೂಲಿ ಟೈಪ್ 30 ಚೇಂಬರಿಗೆ ಅದು 2 ಇಂಚು ದಾಟಬಾರದು. ಬಲಗಡೆಯದು ಸಲೀಸಾಗಿ ದಾಟಿತ್ತು. ನಾನೂ ಇಳಿದು ಹೋಗಿ ನೋಡಿದೆ.

ಇಲ್ಲಿ ನಮ್ಮ ತಲೆಮಾರಿನವರು ಒಂದು ವಿಷಯ ಸರಿಯಾಗಿ ಕೇಳಬೇಕು. ಅಪ್ಪನ ಕಾಲದ ಎಣ್ಣೆ ಬ್ರೇಕಿನಲ್ಲಿ, ಡ್ರಮ್ಮಿಗೆ ಒತ್ತಿಕೊಳ್ಳುವ ಲೈನರ್ ಸವೆದರೆ ಪೆಡಲ್ ಕೆಳಗೆ ಹೋಗುತ್ತಿತ್ತು. ಕಾಲಿಗೆ ಗೊತ್ತಾಗುತ್ತಿತ್ತು. ಅದು ಸುಳ್ಳಲ್ಲ. ಆದರೆ ಏರ್ ಬ್ರೇಕಿನ ಪೆಡಲ್ ಬರೀ ಗಾಳಿ ಬಿಡುವ ವಾಲ್ವು. ಚಕ್ರದ ಹತ್ತಿರ ರಾಡ್ ಎಷ್ಟು ಉದ್ದ ಬರುತ್ತಿದೆ ಎನ್ನುವುದು ಅದರಿಂದ ಕಾಲಿಗೆ ತಿಳಿಯುವುದೇ ಇಲ್ಲ. ಡ್ಯಾಶ್‌ಬೋರ್ಡಿನ ದೀಪವೂ ಗಾಳಿ ಕಡಿಮೆಯಾದರೆ ಹೇಳುತ್ತದೆ, ರಾಡ್ ಉದ್ದವಾದರೆ ಹೇಳುವುದಿಲ್ಲ. ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿಯೇ ನಿಲ್ಲುತ್ತದೆ. ಘಾಟಿಯಲ್ಲಿ ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನಿಂದ ದೂರ ಸರಿಯುತ್ತದೆ, ರಾಡ್ ಇನ್ನೂ ಉದ್ದ ಹೋಗಬೇಕಾಗುತ್ತದೆ. ಚೇಂಬರಿನ ಕೊನೆ ಮುಟ್ಟಿದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ. ಅದರ ಪಾಲಿನ ಭಾರ ಉಳಿದ ಚಕ್ರಗಳ ಮೇಲೆ ಬಿದ್ದು ಅವೂ ಜಾಸ್ತಿ ಕಾಯುತ್ತವೆ. 40 ಟನ್ ಗಾಡಿ 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 54 ಯೂನಿಟ್ ಕರೆಂಟಿನಷ್ಟು. ಅದಷ್ಟನ್ನೂ ಎಂಜಿನ್ ಮತ್ತು ಬ್ರೇಕು ಹಂಚಿಕೊಂಡು ತಿನ್ನಬೇಕು. ಅದಕ್ಕೇ ಘಾಟಿಯಲ್ಲಿ ಒಂದು ಚಕ್ರದ ಬ್ರೇಕ್ ಕೆಟ್ಟರೂ ಅದು ಸಣ್ಣ ವಿಷಯ ಅಲ್ಲ.

ಆಮೇಲೆ ಫೋನ್ ತೆಗೆದುಕೊಂಡು ನಾನೇ ಹೇಳಿದೆ, ಗಾಡಿ ಇವತ್ತು ಇಳಿಯುವುದಿಲ್ಲ ಅಂತ. "ಸರ್, ನೀವೂ ಹೀಗೆ ಹೇಳಿದರೆ ಹೇಗೆ" ಎಂದರು. ಲೈನ್ ಕಟ್ ಮಾಡಿದೆ.

ಅಪ್ಪ ಓಡಿಸಿದ ಲಾರಿಯಲ್ಲಿ ಪವರ್ ಸ್ಟಿಯರಿಂಗ್ ಇರಲಿಲ್ಲ. ಪ್ರತಿ ಗೇರಿಗೂ ಡಬಲ್ ಕ್ಲಚ್ ಹಾಕಬೇಕಿತ್ತು, ಅಂದರೆ ಎರಡು ಸಲ ಕ್ಲಚ್ ತುಳಿಯಬೇಕಿತ್ತು, ಎಂಜಿನ್ ತಿರುಗುವ ವೇಗ ಹೊಂದದಿದ್ದರೆ ಗೇರು ಬೀಳುತ್ತಲೇ ಇರಲಿಲ್ಲ. ಗಾಡಿಯಲ್ಲಿ ಏನು ಕಮ್ಮಿ ಇತ್ತೋ ಅದನ್ನು ಡ್ರೈವರ್ ತನ್ನ ಮೈಯಿಂದ ತುಂಬಿಸಬೇಕಿತ್ತು. ತೋಳು, ಬೆನ್ನು, ನಿದ್ದೆ ಎಲ್ಲವನ್ನೂ ಗಾಡಿಗೇ ಕೊಟ್ಟರು. ಒಳ್ಳೆಯ ಡ್ರೈವರ್ ಅಂದರೆ ಏನೇ ಆದರೂ ಗಾಡಿ ಮುಟ್ಟಿಸುವವನು. ಆ ಮಾತಿನ ಮೇಲೇ ಅವರ ಮರ್ಯಾದೆ ನಿಂತಿತ್ತು, ಮತ್ತು ನನಗೆ ಅವರ ಮೇಲೆ ಇರುವ ಗೌರವ ಒಂದಿಷ್ಟೂ ಕಡಿಮೆ ಆಗಿಲ್ಲ. ಆದರೆ ಅವರು ಕಲಿಸಿದ್ದರಲ್ಲಿ ಕೆಲವು ಇವತ್ತಿನ ಗಾಡಿಗೆ ಹೊಂದುವುದಿಲ್ಲ. "ಹತ್ತಿದ ಗೇರಿನಲ್ಲೇ ಇಳಿ" ಎನ್ನುವುದನ್ನೇ ತಗೊಳ್ಳಿ. ಆಗಿನ ಎಂಜಿನ್ನಿಗೆ ಶಕ್ತಿ ಕಡಿಮೆ, ಫಸ್ಟು ಸೆಕೆಂಡಿನಲ್ಲಿ ತೆವಳುತ್ತಾ ಹತ್ತುತ್ತಿತ್ತು. ಅದೇ ಗೇರಿನಲ್ಲಿ ಇಳಿದರೆ ಗಾಡಿ ಹಿಡಿತದಲ್ಲಿ ಇರುತ್ತಿತ್ತು. ಈಗಿನ ಗಾಡಿ ಅದೇ ಏರನ್ನು ಮೇಲಿನ ಗೇರಿನಲ್ಲೇ ಹತ್ತುತ್ತದೆ. ಮೈ ನುಣುಪಾಗಿದೆ, ಗಾಳಿ ತಡೆಯುವುದು ಕಡಿಮೆ, ಟೈರೂ ಸಲೀಸಾಗಿ ಉರುಳುತ್ತದೆ. ಆದ್ದರಿಂದ ಹತ್ತಿದ್ದಕ್ಕಿಂತ ಕೆಳಗಿನ ಗೇರಿನಲ್ಲಿ ಇಳಿಯಬೇಕು, ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು. ಬ್ರೇಕನ್ನು ಕೂಡ ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡು ಇರಬಾರದು. ಸುರಕ್ಷಿತ ವೇಗ ಮುಟ್ಟಿದಾಗ ಗಟ್ಟಿಯಾಗಿ ತುಳಿದು ಗಂಟೆಗೆ 8 ಕಿಲೋಮೀಟರ್‌ನಷ್ಟು ಇಳಿಸಿ, ಪೂರ್ತಿ ಬಿಡಬೇಕು. ಮತ್ತೆ ಆ ವೇಗಕ್ಕೆ ಬಂದಾಗ ಮತ್ತೆ ತುಳಿಯಬೇಕು. ನಾನು ಇದನ್ನು ಟ್ರೈನಿಂಗಿನಲ್ಲಿ ಹೇಳುವಾಗ ಹಳಬರು ಒಪ್ಪುವುದಿಲ್ಲ. ಒಪ್ಪಲೇಬೇಕು.

ನಿದ್ದೆಯ ವಿಷಯದಲ್ಲಿ ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ. ಅಮೆರಿಕದಲ್ಲಿ ಡ್ರೈವರ್‌ಗಳ ದುಡಿಮೆಯ ಗಂಟೆಗೆ 1938ರಲ್ಲೇ ಮಿತಿ ಹಾಕಿದರು. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1979ರಲ್ಲಿ, 4 ಗಂಟೆ ಓಡಿಸಿದರೆ ಬಿಡುವು ಬೇಕು, ದಿನಕ್ಕೆ 9 ಗಂಟೆ ಮೀರಬಾರದು ಎಂದು ಒಪ್ಪಂದ ತಂದಿತು. ಯುರೋಪಿನಲ್ಲಿ ಈಗ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ಬೆಳಿಗ್ಗೆ ಎದ್ದು 17ರಿಂದ 19 ಗಂಟೆ ಮಲಗದೇ ಇದ್ದವನ ಕೈ, ಕಣ್ಣು, ತಲೆ ರಕ್ತದಲ್ಲಿ ಶೇಕಡಾ 0.05ರಷ್ಟು ಆಲ್ಕೋಹಾಲ್ ಇದ್ದವನ ಹಾಗೆಯೇ, ಕೆಲವು ಸಲ ಅದಕ್ಕಿಂತಲೂ ನಿಧಾನವಾಗಿ ಕೆಲಸ ಮಾಡುತ್ತವೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕುಡಿದವನಿಗೆ ಕೀ ಕೊಡಿ ಎಂದು ಯಾವ ಕಂಟ್ರೋಲ್ ರೂಮೂ ಫೋನ್ ಮಾಡುವುದಿಲ್ಲ. ನಿದ್ದೆಗೆಟ್ಟವನಿಗೆ ಮಾತ್ರ ಮಾಡುತ್ತಾರೆ.

ಈಗ ಗಂಟೆ ಎಣಿಸಲು ಮೆಷಿನ್ ಬಂದಿದೆ. ಯುರೋಪಿನ ಹೊಸ ಲಾರಿಗಳಲ್ಲಿ 2006ರಿಂದ ಡಿಜಿಟಲ್ ಟ್ಯಾಕೋಗ್ರಾಫ್, ಅಮೆರಿಕದಲ್ಲಿ 2017ರ ಡಿಸೆಂಬರಿನಿಂದ ಎಲೆಕ್ಟ್ರಾನಿಕ್ ಲಾಗ್. ಅವರ ಮೆಷಿನ್ನಿನಲ್ಲಿ ಓಡಿಸದೆ ಮಾಡಿದ ಕೆಲಸಕ್ಕೂ ಒಂದು ಗುರುತು ಇದೆ. ನಮ್ಮ ಕಂಪನಿಯ ಸಿಸ್ಟಮ್ ಚಕ್ರ ತಿರುಗಿದ್ದನ್ನು ಮಾತ್ರ ಎಣಿಸುತ್ತದೆ. ಡ್ರೈವರ್ ಆಕಳಿಸಿದರೆ ಕ್ಯಾಮೆರಾ ಕೂಗುತ್ತದೆ. ಮಗು ಅಡ್ಡ ಬಂದಿತೆಂದು ಬ್ರೇಕ್ ಹಾಕಿದರೂ "ಹಾರ್ಷ್ ಬ್ರೇಕಿಂಗ್" ಎಂದು ಸ್ಕೋರ್ ಕಟ್ ಆಗುತ್ತದೆ. ಗಾಡಿಯನ್ನು ದಿನವಿಡೀ ಡಾಕಿನಲ್ಲಿ ನಿಲ್ಲಿಸಿಕೊಂಡವರಿಗೆ ಯಾವ ಅಲಾರಂ ಇದೆ? ಮಧ್ಯರಾತ್ರಿ ಫೋನ್ ಮಾಡಿ "ಇಳಿಸು" ಎಂದವರಿಗೆ ಯಾವ ಸ್ಕೋರ್ ಇದೆ? ಅಪ್ಪನ ಕಾಲದಲ್ಲಿ ಘಾಟಿಯ ತಲೆಯಲ್ಲಿ ಡ್ರೈವರ್ ಒಬ್ಬನೇ ತೀರ್ಮಾನ ಮಾಡುತ್ತಿದ್ದ. ಅಲ್ಲಿಗೆ ಯಾರ ಫೋನೂ ಬರುತ್ತಿರಲಿಲ್ಲ. ಗಾಡಿಯೇನೋ ಹೊಸದು, ಆದರೆ ಡ್ರೈವರ್ ಮೇಲೆ ಇಟ್ಟ ನಿರೀಕ್ಷೆ ಹಳೆಯದೇ. ಜೊತೆಗೆ, ನಿಲ್ಲುವ ಅವನ ಸ್ವಾತಂತ್ರ್ಯವನ್ನೂ ಕಿತ್ತುಕೊಂಡಿದ್ದಾರೆ. ಇದು ಅನ್ಯಾಯ ಅಲ್ವಾ?

ಬೆಳಿಗ್ಗೆ ಮೆಕ್ಯಾನಿಕ್ ಬಂದ. ರಾಡ್ ಹೆಚ್ಚು ಉದ್ದ ಬರದಂತೆ ಸರಿಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್‌ಗೆ ಸ್ಪ್ಯಾನರ್ ಹಾಕಿ ಟೈಟ್ ಮಾಡಿ, "ಆಯ್ತು, ಹೊರಡಿ" ಎಂದ. ಅಲ್ಲಿ ನಾನು ಬಿಡಲಿಲ್ಲ. ಅದು ಆಟೋಮ್ಯಾಟಿಕ್ ಅಡ್ಜಸ್ಟರ್, ತಾನೇ ಟೈಟ್ ಆಗಬೇಕು. ಆಗಿಲ್ಲ ಎಂದರೆ ಅದೇ ಕೆಟ್ಟಿರಬೇಕು, ಇಲ್ಲವೇ ಅದರ ಹಿಂದೆ ಇನ್ನೇನೋ ಕೆಟ್ಟಿರಬೇಕು. ಕೈಯಲ್ಲಿ ತಿರುಗಿಸಿದರೆ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಕೆಳಗೆ ಮಲಗಿ, ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್ ಶಾಫ್ಟ್ ಹಿಡಿದು ಅಲ್ಲಾಡಿಸಿದೆ. ಅದನ್ನು ಹಿಡಿದಿಡುವ ಬುಶ್ ಸವೆದು ಶಾಫ್ಟು ಆಟ ಆಡುತ್ತಿತ್ತು. ಹುಡುಗನನ್ನೂ ಕರೆದು ಅವನ ಕೈಯಲ್ಲೇ ಹಿಡಿಸಿದೆ. ಯಾವುದು ಸರಿಯಾದ ಆಟ, ಯಾವುದು ಸವೆತ ಎಂದು ಕೈಗೆ ತಿಳಿಯಬೇಕು. ಅದು ಯಾವ ಸ್ಕ್ರೀನಿನಲ್ಲೂ ಬರುವುದಿಲ್ಲ. "ಆಟೋಮ್ಯಾಟಿಕ್" ಎಂದು ಬರೆದ ಯಾವುದನ್ನೂ ಹೊಸ ಹುಡುಗರು ಮುಟ್ಟಿ ನೋಡುವುದೇ ಇಲ್ಲ. ಅದು ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಆಟೋಮ್ಯಾಟಿಕ್ ಗೇರನ್ನು ಮ್ಯಾನುವಲ್‌ಗೆ ಹಾಕದೆ ಘಾಟಿಗೆ ಇಳಿದವರನ್ನು, ಅರ್ಧದಾರಿಯಲ್ಲಿ ಗಾಡಿ ತಾನಾಗಿ ಮೇಲಿನ ಗೇರಿಗೆ ಹೋದಾಗ ಬೆವರಿದವರನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಬುಶ್ ಬದಲಾಯಿಸಿ, ಮತ್ತೆ ಅಳೆದು, ನಿದ್ದೆಯೂ ಆದ ಮೇಲೆ ಅವನೇ ಗಾಡಿ ಇಳಿಸಿದ. ಚೆನ್ನಾಗಿಯೇ ಇಳಿಸಿದ. ಅವನ ಕಾಗದಕ್ಕೆ ಸಹಿ ಹಾಕಿದೆ, "ಗಾಡಿ ನಿಲ್ಲಿಸಲು ಗೊತ್ತು" ಎಂದು ಷರಾ ಬರೆದೆ. ಆದರೆ ಸ್ಲಾಟ್ ತಪ್ಪಿತ್ತು. ತಿಂಗಳ ಕೊನೆಯಲ್ಲಿ ಅವನ ಇನ್ಸೆಂಟಿವ್ ಕಟ್ ಆಯಿತು. ಕಾರಣದ ಕಾಲಮ್ಮಿನಲ್ಲಿ "ಡ್ರೈವರ್ ಡಿಲೇ" ಎಂದಿತ್ತು. ಮ್ಯಾನೇಜರ್ ಹತ್ತಿರ ಹೋದೆ. ಸಿಸ್ಟಮ್ಮಿನಲ್ಲಿ ಬೇರೆ ಆಯ್ಕೆ ಇಲ್ಲ ಎಂದರು. ಹಾಗಾದರೆ ಆಯ್ಕೆ ಸೇರಿಸಿ ಎಂದು ಬರೆದು ಕೊಟ್ಟಿದ್ದೇನೆ. ಗೇಟ್ ಇನ್ ಆದ ಹೊತ್ತಿನಿಂದಲೇ ಡ್ಯೂಟಿ ಎಣಿಸಬೇಕು. ಡ್ರೈವರ್ ಬ್ರೇಕ್ ಸರಿ ಇಲ್ಲ ಎಂದು ನಿಲ್ಲಿಸಿದರೆ, ಅವನು ಅಳೆದ ಅಳತೆಯನ್ನು ಕೇಳಿ ಬರೆದುಕೊಳ್ಳದೆ ಯಾರೂ "ಹೊರಡು" ಎನ್ನಬಾರದು. ಹಾಗೆ ಎಂದವರ ಹೆಸರು ಟ್ರಿಪ್ ಶೀಟಿನಲ್ಲಿ ಇರಬೇಕು. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನನ್ನ ಜೊತೆ ಬರುವ ಪ್ರತಿ ಹುಡುಗನಿಗೂ ಸೀಮೆಸುಣ್ಣ ಮತ್ತು ಟೇಪ್ ನಾನೇ ಕೊಡುತ್ತಿದ್ದೇನೆ. ಘಾಟಿಯ ತಲೆಯಲ್ಲಿ ಫೋನ್ ಬಂದರೆ ಎತ್ತುವವನು ನಾನು ಎಂದೂ ಹೇಳಿಟ್ಟಿದ್ದೇನೆ.