ಮಠವೋ ಮನೆಯೋ

10 ನವೆಂಬರ್ 2018, ಶನಿವಾರ
ಅವಾಜು, ಇಶಿಕಾವಾ, ಜಪಾನ್

ಅಪ್ಪ ಗೊರಕೆ ಹೊಡೆಯುತ್ತಿದ್ದಾರೆ. ಚಾಪೆ ನೆಲ, ಅದರ ಮೇಲೆ ಹಾಸಿಗೆ; ಅವರಿಗೆ ಪುತ್ತೂರಿನದೇ ನಿದ್ದೆ. ನನಗೆ ಮಾತ್ರ ಬರುತ್ತಿಲ್ಲ.

ಸಂಜೆ ಸ್ನಾನದ ಮನೆಯ ಬಾಗಿಲವರೆಗೂ ಬಂದು ನಿಂತರು. "ಎಲ್ಲರೂ ಹೀಗೇ ಇಳಿಯುವುದಾ? ಒಂದು ಬೈರಾಸೂ ಇಲ್ಲದೆ?" ನೀರಿಗೆ ಬಟ್ಟೆ ತಾಗಬಾರದು, ಇಲ್ಲಿಯ ಕ್ರಮ ಎಂದೆ. "ಹಾಗಾದರೆ ನೀನೇ ಮೀಯಿ ಮಾರಾಯ." ಊಟ ಮುಗಿದು ಎಲ್ಲರೂ ಮಲಗಿದ ಮೇಲೆ ಕಳ್ಳನ ಹಾಗೆ ಹೋಗಿ ಮುಕ್ಕಾಲು ಗಂಟೆ ಮುಳುಗಿ ಬಂದರು. ಕಿವಿಯೆಲ್ಲ ಕೆಂಪು. "ನಮ್ಮ ಇರ್ದೆಯ ಬೆಂದ್ರುತೀರ್ಥದ ಬಿಸಿನೀರ ಬುಗ್ಗೆ ಇದರೆದುರು ಉಗುರುಬೆಚ್ಚಗೆ."

ಆಮೇಲೆ ಹಸಿರು ಚಹಾ ಕುಡಿಯುತ್ತಾ ಕಥೆ ಕೇಳಿದರು. ಈ ಹೋಶಿ ವಸತಿಮನೆ ಶುರುವಾದದ್ದು 718ರಲ್ಲಿ, ಈ ವರ್ಷಕ್ಕೆ ಸರಿಯಾಗಿ 1300. ಈಗಿನ ಯಜಮಾನರು 46ನೆಯವರು. ಗಲ್ಲಾದಲ್ಲಿ ಕೂತವರಿಗೆಲ್ಲ ಝೆಂಗೊರೊ ಎಂಬ ಒಂದೇ ಹೆಸರು. ಅಪ್ಪ ಬೆರಳು ಮಡಚಿದರು. "ಒಬ್ಬೊಬ್ಬರಿಗೆ 28 ವರ್ಷ. ನನಗೆ ನಮ್ಮ ಹೋಟೆಲಿನ ಗಲ್ಲಾದಲ್ಲಿ 41 ಆಯಿತು."

ತೈಚೋ ಎಂಬ ಸನ್ಯಾಸಿ ಹಾಕುಸಾನ್ ಬೆಟ್ಟ ಹತ್ತಿ ತಪಸ್ಸಿಗೆ ಕೂತಿದ್ದನಂತೆ. ಬೆಟ್ಟದ ದೇವರು ಕನಸಿಗೆ ಬಂದು, ಅವಾಜು ಊರಿನ ನೆಲದಡಿ ಔಷಧಿಯ ನೀರುಂಟು, ಊರವರನ್ನು ಸೇರಿಸಿ ಅಗೆಸು ಎಂದಿತಂತೆ. ಅಗೆದರೆ ಬಿಸಿನೀರು. ಕಾಯಿಲೆಯವರನ್ನು ಮೀಯಿಸಿದರೆ ಗುಣ. ಸನ್ಯಾಸಿ ತಾನು ಅಲ್ಲಿ ಕೂರಲಿಲ್ಲ. ಗಾರ್ಯೋ ಎಂಬ ಶಿಷ್ಯನಿಗೆ ಮನೆ ಕಟ್ಟಿಸಿ ನಡೆಸಲು ಹೇಳಿ ಹೋದ. ಆ ಶಿಷ್ಯ ಒಬ್ಬ ಮರಕಡಿಯುವವನ ಮಗ. ಹೋಶಿ ಎಂದರೇ ಬೌದ್ಧ ಸನ್ಯಾಸಿ ಎಂದರ್ಥ.

"ಮೊದಲನೆಯವನೇ ಹೊರಗಿನವನಾ?"

"ಗಂಡುಮಕ್ಕಳಿಲ್ಲದಿದ್ದರೆ ಅಳಿಯನನ್ನೇ ದತ್ತು ತೆಗೆದುಕೊಂಡು ಮನೆ ಹೆಸರು ಕೊಡುವುದೂ ಈ ದೇಶದಲ್ಲಿ ರೂಢಿ, ಅಪ್ಪ."

ಲೋಟ ಕೆಳಗಿಟ್ಟರು. "ಹಾಗಾದರೆ ಇದು ಮನೆತನ ಅಲ್ಲ, ಮಠ."

ನಾನು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕೆಂಪು ಮೇಪಲ್ ಎಲೆ ಬಿದ್ದ ತೋಟದ ಕಡೆ ನೋಡುತ್ತಾ, "ನಮ್ಮ ದೋಸೆಯವನಿಗೆ ಕಾವಲಿ ಎದುರು ನಿಂತು 19 ವರ್ಷ ಆಯಿತು. ಅವನು ಬೋರ್ಡಿನ ಹೆಸರು ಬದಲಿಸಲಿಕ್ಕಿಲ್ಲ, ಅಲ್ಲವಾ?" ಎಂದರು.

ನಾನಿರುವ ನಗೋಯಾ ಬಿಟ್ಟು ಊರಿನ ಹೋಟೆಲಿಗೆ ಬರುವುದಿಲ್ಲ ಎಂದು ಇದುವರೆಗೆ ಬಾಯಿಬಿಟ್ಟು ಹೇಳಿದವನಲ್ಲ. ಅವರೂ ಕೇಳಿದವರಲ್ಲ.

ಒಂದು ಸಂಗತಿ ಅವರಿಗೆ ಹೇಳಲಿಲ್ಲ. ಗಿನ್ನೆಸ್‌ನಲ್ಲಿ ಅತಿ ಹಳೆಯ ಹೋಟೆಲ್ ಎಂಬ ಪಟ್ಟ ಈಗ ಹೋಶಿಗಿಲ್ಲ. ಯಮನಾಶಿಯಲ್ಲಿ 705ರ ಕೇಉಂಕನ್ ಉಂಟು, ಅದೂ ಬಿಸಿನೀರಿನದೇ. ಅಲ್ಲಿ 52 ತಲೆಮಾರು ಆದ ಮೇಲೆ ಕಳೆದ ವರ್ಷ ಯಜಮಾನಿಕೆ ಹೋದದ್ದು ರಕ್ತಸಂಬಂಧವೇ ಇಲ್ಲದ, ಅಲ್ಲೇ ಕೆಲಸ ಮಾಡಿಕೊಂಡಿದ್ದ ಒಬ್ಬರಿಗೆ. ಹೇಳಿದ್ದರೆ ಅಪ್ಪನಿಗೆ ಸಮಾಧಾನ ಆಗುತ್ತಿತ್ತೋ ಏನೋ. ಅಥವಾ ನಾನೇ ಆ ಮಾತನ್ನು ಮುಗಿಸಿಬಿಟ್ಟ ಹಾಗೆ

ಗೊರಕೆ ನಿಂತಿತು. ಎಚ್ಚರ ಇದ್ದಾರೆ ಅನ್ನಿಸುತ್ತದೆ.