ಗೈಡ್ ನಮ್ಮಾಂವ ಏನು?

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಎರಡು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ಹನ್ನೊಂದು ದಿನ ವೆಸ್ಟ್ ಇಂಡೀಸ್ ಕಡೆಯ ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ಹೋಗಿದ್ದೆ. ಬಿಡುವು ಸಿಕ್ಕಿದ್ದು ಒಂದೇ ಶನಿವಾರ. ಅವತ್ತು ಆ ಊರಿನದೇ ಗೈಡ್ ಹಿಡಿದು ಊರು ನೋಡಿದೆ. ವಾಟ್ಸಾಪ್‌ನಲ್ಲಿ ಫೋಟೊ ಹಾಕಿದ್ದು ತಪ್ಪಾಯಿತು. ಅಂದಿನಿಂದ ಮದುವೆ, ಮನೆ ಓಪನಿಂಗು, ದಿವಸ ಎಲ್ಲಿಗೆ ಹೋದರೂ ಎಲೆ ಮುಂದೆ ಪಕ್ಕದಲ್ಲಿ ಕೂತವರು ಕೇಳುತ್ತಾರೆ: "ಗೈಡ್ ನಮ್ಮಾಂವ ಏನು?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೈಡ್ ಅಂವ ಅಲ್ಲ, ಆಕೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಹೆಣ್ಣುಮಗಳು ಅಂದ ಕೂಡಲೇ ಕೆಲವರು ಮೀಸೆಯಲ್ಲೇ ನಗುತ್ತಾ ಎರಡನೇ ಪ್ರಶ್ನೆ ಎತ್ತುತ್ತಾರೆ, ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಮೂರನೆಯದು, "ಎಷ್ಟು ತೊಗೊಂಡ್ಳು?" ಅದನ್ನೂ ಹೇಳುವುದಿಲ್ಲ. ಹೇಳಿದರೆ ರೂಪಾಯಿಗೆ ಲೆಕ್ಕ ಹಾಕಿ "ಅಷ್ಟ್ರಾಗ ಶ್ರೀಶೈಲಕ್ಕ ಕುಟುಂಬ ಸಮೇತ ಹೋಗಿ ಬರಬಹುದಿತ್ತು" ಅನ್ನುತ್ತೀರಿ. ಹೋಗಿ ಬನ್ನಿ, ನಾನೇನು ಹಿಡಿದುಕೊಂಡಿಲ್ಲ.

ನನಗೆ ಸಿಟ್ಟು ಬಂದದ್ದು ಲಿಂಗಸುಗೂರಿನ ಒಂದು ಮದುವೆಯಲ್ಲಿ. ಸೋದರಮಾವ ಹೋಳಿಗೆ ಮುರಿಯುತ್ತಾ ಕೇಳಿದ: "ಅಲ್ಲೋ, ಆ ಕರಿಮಂದಿ ಊರಾಗ ಒಬ್ಬಾಂವನ ತಿರುಗ್ಯಾಡಿದೇನು? ಗೈಡ್ ಆದ್ರೂ ನಮ್ಮಾಂವ ಇದ್ದನಿಲ್ಲೋ?" ಕೇಳಿದ ಮಾವ ಹತ್ತಿ ಹೊಲದಲ್ಲಿ ಐವತ್ತು ವರ್ಷ ಬಿಸಿಲು ಉಂಡವನು. ಆ ಗೈಡಿನ ಪಕ್ಕ ಅವನನ್ನು ನಿಲ್ಲಿಸಿದರೆ ಕರಿಮಂದಿ ಯಾರು ಅಂತ ತೀರ್ಮಾನಿಸಲು ಪಂಚರನ್ನು ಕೂಡಿಸಬೇಕಾಗುತ್ತದೆ. ಇದನ್ನು ಅಲ್ಲೇ ಹೇಳಿಬಿಟ್ಟೆ. ಹೋಳಿಗೆ ಬಡಿಸುತ್ತಿದ್ದವರು ನಕ್ಕರು, ಮಾವ ನಗಲಿಲ್ಲ. ಅವ್ವ ಮೂರು ದಿನ ಮಾತು ಬಿಟ್ಟಳು.

ಆ ಊರಲ್ಲಿ "ನಮ್ಮವರು" ಅಂದರೆ ಸಣ್ಣ ಮಾತಲ್ಲ. 2011ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಭಾರತೀಯ ಮೂಲದವರು ಶೇಕಡ 35, ಆಫ್ರಿಕನ್ ಮೂಲದವರು ಶೇಕಡ 34, ಎರಡೂ ಮತ್ತು ಇನ್ನಷ್ಟೂ ಬೆರೆತವರು ಶೇಕಡ 23ರಷ್ಟು. ಚುನಾವಣೆ ಬಂದರೆ ಮತಗಳು ಬಹುಮಟ್ಟಿಗೆ ಇದೇ ಗೆರೆ ಹಿಡಿದು ಬೀಳುತ್ತವೆ. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ಏಳಕ್ಕೆ ಕ್ವೀನ್ಸ್ ಪಾರ್ಕ್ ಸವಾನಾ ಹತ್ತಿರ ಬರಲು ಹೇಳಿದ್ದಳು. ಸುಮಾರು 260 ಎಕರೆಯ ಮೈದಾನ, ಸುತ್ತ ಒಮ್ಮುಖದ ರಸ್ತೆ. ಜಗತ್ತಿನ ಅತಿ ದೊಡ್ಡ ಟ್ರಾಫಿಕ್ ಸರ್ಕಲ್ ನಮ್ಮದೇ ಅಂತ ಊರವರು ಜಂಬ ಕೊಚ್ಚುತ್ತಾರೆ. ಪಶ್ಚಿಮಕ್ಕೆ ಸಾಲಾಗಿ ಏಳು ಭಾರಿ ಬಂಗಲೆಗಳು, ಗೈಡ್ ಪುಸ್ತಕಗಳ ಮುಖಪುಟಕ್ಕೆಂದೇ ಕಟ್ಟಿಸಿದ ಹಾಗಿವೆ. ಈಕೆ ಅತ್ತ ತಿರುಗಲೇ ಇಲ್ಲ. ಮೈದಾನದ ನಡುವೆ ಗೋಡೆ ಕಟ್ಟಿದ ಒಂದು ಸಣ್ಣ ಸ್ಮಶಾನದ ಕಡೆ ನಡೆದಳು.

ಈ ಮೈದಾನ ಒಂದು ಕಾಲಕ್ಕೆ ಕಬ್ಬಿನ ತೋಟ. ಪೆಷಿಯೆ ಅನ್ನುವ ಕುಟುಂಬ 1817ರಲ್ಲಿ ಅದನ್ನು ಮಾರಿತು, ಆದರೆ ತಮ್ಮ ಸಮಾಧಿಯ ಜಾಗ ಮಾತ್ರ ಬಿಟ್ಟುಕೊಡಲಿಲ್ಲ. ಅದು ಇವತ್ತಿಗೂ ಇದೆ. ಗೋಡೆಗೆ ಬೆನ್ನು ಕೊಟ್ಟು ನಿಂತು ಆಕೆ ಹೇಳಿದಳು: "ಇಂಥ ಕಬ್ಬು ಕಡಿಯಲು ನಮ್ಮಪ್ಪನ ಕಡೆಯವರನ್ನು ಆಫ್ರಿಕಾದಿಂದ ಸರಪಳಿ ಹಾಕಿ ತಂದರು. 1838ರಲ್ಲಿ ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಕಡಿಯುವವರು ಇಲ್ಲ ಅಂತ ತೋಟದ ದೊರೆಗಳು ಅತ್ತರು. ಏಳೇ ವರ್ಷ, 1845ರ ಮೇ 30ಕ್ಕೆ ಇಂಡಿಯಾದಿಂದ ಮೊದಲ ಹಡಗು ಬಂತು, ಸುಮಾರು 225 ಜನ. ನಮ್ಮಮ್ಮನ ಕಡೆಯವರು ಬಂದದ್ದು ಆಮೇಲಿನ ಹಡಗಿನಲ್ಲಿ. ಅದೇ ಕಬ್ಬಿಗೆ. ಈಗ ಹೇಳಿ, ನಾನು ಯಾರವಳು?"

ನಾನು ಏನೂ ಹೇಳಲಿಲ್ಲ. ಅವಳೇ ನಕ್ಕು, "ಡೊಗ್ಲಾ" ಅಂದಳು. ಆಫ್ರಿಕನ್, ಭಾರತೀಯ ಎರಡೂ ರಕ್ತ ಕೂಡಿದವರಿಗೆ ಅಲ್ಲಿ ಅದೇ ಹೆಸರು. ಕೆಲವರಿಗೆ ಈಗಲೂ ಚುಚ್ಚುತ್ತದೆ, ಆಕೆ ಅದನ್ನು ಬಿರುದಿನಂತೆ ಇಟ್ಟುಕೊಂಡಿದ್ದಳು. ನಿಜಾಮನ ಸೀಮೆಯಲ್ಲಿ ಬೆಳೆದವನಿಗೆ ಆ ಮಾತು ಕನ್ನಡದಷ್ಟೇ ಗೊತ್ತು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಹಾಗಂದರೆ ಚಪ್ಪಲಿ ಕೈಗೆ ಬರುತ್ತದೆ. ಅಕ್ಕಿ, ಬೇಳೆ, ಅರಿಶಿನದ ಜೊತೆಗೆ ಬೈಗುಳವೂ ಹಡಗು ಹತ್ತಿತ್ತು.

ಆಮೇಲೆ ನೋಡಿದ್ದನ್ನೆಲ್ಲ ಬರೆಯುವುದಿಲ್ಲ. ಏಳು ಬಂಗಲೆಗಳಲ್ಲಿ ಒಂದಾದ ಕ್ವೀನ್ಸ್ ರಾಯಲ್ ಕಾಲೇಜಿನ ಗಡಿಯಾರದ ಗೋಪುರ ನೋಡಿದೆ. 2001ರ ಸಾಹಿತ್ಯದ ನೊಬೆಲ್ ಪಡೆದ ನೈಪಾಲ್ ಓದಿದ್ದು ಅಲ್ಲೇ. ಆತನ ಬಗ್ಗೆ ಏನಾದರೂ ಹೇಳಿ ಅಂದರೆ "ಊರು ಬಿಟ್ಟು ಹೋದ ಹುಡುಗ" ಅಂದು ಮುಂದೆ ನಡೆದಳು.

ಒಂದು ಕಟ್ಟಡ ಮಾತ್ರ ನಮ್ಮ ರಾಯಚೂರಿನವರು ತಿಳಿಯಬೇಕಾದ್ದು: ರೆಡ್ ಹೌಸ್, ಅವರ ಪಾರ್ಲಿಮೆಂಟು. 1903ರಲ್ಲಿ ಇಂಗ್ಲಿಷ್ ಸರಕಾರ ನೀರಿನ ಬಗ್ಗೆ ಹೊಸ ಕಾಯ್ದೆ ತರಲು ಹೊರಟಿತು. ಚರ್ಚೆ ಕೇಳಲು ಬಂದ ಜನಕ್ಕೆ ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಅಂದಿತು. ಹೊರಗೆ ಕಲ್ಲು ತೂರಾಟ, ಬೆಂಕಿ, ಗುಂಡು. ಕಟ್ಟಡ ಸುಟ್ಟು ಬರೀ ಗೋಡೆ ಉಳಿಯಿತು, ಜನರೂ ಸತ್ತರು. ಈಗಿರುವುದು 1907ರಲ್ಲಿ ಮತ್ತೆ ಎದ್ದು ನಿಂತದ್ದು. ತುಂಗಭದ್ರಾ, ಕೃಷ್ಣಾ ಎರಡು ನದಿ ಮಗ್ಗುಲಿಗಿದ್ದೂ ಟ್ಯಾಂಕರ್ ಕಾಯುವ ಜಿಲ್ಲೆಯವನು ನಾನು, ಆ ಕೆಂಪು ಗೋಡೆಯನ್ನು ಸ್ವಲ್ಪ ಹೊತ್ತು ಮರ್ಯಾದೆಯಿಂದ ನೋಡಿದೆ.

ಎದುರಿನ ವುಡ್‌ಫರ್ಡ್ ಸ್ಕ್ವೇರ್‌ನಲ್ಲಿ ಎರಿಕ್ ವಿಲಿಯಮ್ಸ್, ಮುಂದೆ ಮೊದಲ ಪ್ರಧಾನಿಯಾದವರು, 1955ರಲ್ಲಿ ಮರದ ಕೆಳಗೆ ಜನರನ್ನು ಕೂಡಿಸಿ ಇತಿಹಾಸ, ರಾಜಕೀಯ ಪಾಠ ಮಾಡುತ್ತಿದ್ದರಂತೆ. "ನಮ್ಮಜ್ಜ ಓದಿದ್ದು ಇದೇ ಯುನಿವರ್ಸಿಟಿಯಲ್ಲಿ" ಅಂದಳು. ಅಜ್ಜ ಬಂದರಿನಲ್ಲಿ ಹಮಾಲಿ.

ತಿಂದದ್ದು ಡಬಲ್ಸ್. ಅರಿಶಿನ ಹಾಕಿ ಕರಿದ ಎರಡು ಮೆತ್ತನೆ ಬಾರಾ, ಅದರ ಮೇಲೆ ಕಡಲೆ ಪಲ್ಯ, ಹುಣಸೆ ಚಟ್ನಿ. ಕಾಗದದಲ್ಲಿ ಕೊಡುತ್ತಾರೆ, ನಿಂತೇ ತಿನ್ನಬೇಕು. "ಖಾರ ಎಷ್ಟು, ಸ್ವಲ್ಪವಾ?" ಅಂತ ಅಂಗಡಿಯವನು ಕೇಳಿದ. ರಾಯಚೂರಿನವನಿಗೆ ಕೇಳುವ ಮಾತಾ ಅದು? ಪೂರ್ತಿ ಹಾಕು ಅಂದೆ. ಮುಂದಿನ ಹತ್ತು ನಿಮಿಷದ ಬಗ್ಗೆ ಇಷ್ಟೇ ಹೇಳುತ್ತೇನೆ, ಆಕೆ ನನ್ನ ಕಣ್ಣೀರಿನ ಫೋಟೊ ತೆಗೆದಿದ್ದಾಳೆ.

ಎರಡು ವರ್ಷದಲ್ಲಿ ಗೈಡ್ ನಮ್ಮಾಂವ ಏನು ಅಂತ ಐವತ್ತು ಜನ ಕೇಳಿರಬಹುದು. ಅವಳು ನಿನ್ನನ್ನು ಏನು ಕೇಳಿದಳು ಅಂತ ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಮಧ್ಯಾಹ್ನ ಸೇಂಟ್ ಜೇಮ್ಸ್ ಅನ್ನುವ ಬಡಾವಣೆಗೆ ಕರೆದುಕೊಂಡು ಹೋದಳು. ಒಂದು ಕಾಲಕ್ಕೆ ಅದಕ್ಕೆ ಕೂಲಿ ಟೌನ್ ಅಂತ ಹೆಸರು. ಬೀದಿಗಳ ಬೋರ್ಡು ಓದುತ್ತಾ ಹೋದರೆ ಕಲ್ಕತ್ತಾ, ಬಾಂಬೆ, ಮದ್ರಾಸ್, ದೆಲ್ಲಿ, ಬನಾರಸ್, ಲಕ್ನೋ. ಒಂದು ಓಣಿಯೊಳಗಿಂದ ವಾದ್ಯದ ಸದ್ದು ಬಂತು. ನಾನು ನಿಂತುಬಿಟ್ಟೆ.

ಹುಡುಗರು ನಾಲ್ಕೈದು ಜನ ಅಂಗಳದಲ್ಲಿ ಸಣ್ಣಗೆ ಬೆಂಕಿ ಹಾಕಿ ವಾದ್ಯ ಕಾಸುತ್ತಿದ್ದರು. ಮಣ್ಣಿನ ಬುರುಡೆಗೆ ಮೇಕೆ ಚರ್ಮ ಬಿಗಿದು ಕೊರಳಿಗೆ ಹಾಕಿಕೊಂಡು ಎರಡು ಕಡ್ಡಿಯಲ್ಲಿ ಬಾರಿಸುವಂಥದ್ದು. ಹೆಸರು ತಾಸಾ. ಜೊತೆಗೊಂದು ದೊಡ್ಡ ಡೋಲು, ಒಂದು ಜೋಡಿ ತಾಳ. ಹುಡುಗರಲ್ಲಿ ಇಬ್ಬರು ಭಾರತದ ಮುಖದವರು, ಉಳಿದವರು ಆಫ್ರಿಕಾದ ಮುಖದವರು. ಮೊಹರಂ ಬಂದರೆ ಈ ಸೇಂಟ್ ಜೇಮ್ಸ್ ರಸ್ತೆಯಲ್ಲಿ ಬಣ್ಣದ ಕಾಗದ, ಬಿದಿರಿನ ತಾಜಿಯಾ ಹೊರಡುತ್ತದೆ. ಹಸಿರೊಂದು, ಕೆಂಪೊಂದು, ಎರಡು ದೊಡ್ಡ ಚಂದ್ರರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಹಸಿರು ಹಸನ್ನನದು, ಕೆಂಪು ಹುಸೇನನದು. ಅಲ್ಲಿ ಅದಕ್ಕೆ ಹೊಸೇ ಅನ್ನುತ್ತಾರೆ. ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಎಲ್ಲರೂ ಸೇರುತ್ತಾರೆ.

ನನಗೆ ಬಾಯಿ ಬಂತು. ಬೆಳಗಿನಿಂದ ಆಕೆ ಹೇಳುತ್ತಿದ್ದಳು, ಈಗ ನನ್ನ ಸರದಿ. ನಮ್ಮ ಕಡೆ ಅಲಾಯಿ ಹಬ್ಬ ಅನ್ನುತ್ತೇವೆ, ಮುದಗಲ್ಲಿನ ಮೊಹರಂಗೆ ಲಕ್ಷಾಂತರ ಜನ ಸೇರುತ್ತಾರೆ, ಊರಲ್ಲಿ ಸಾಬರ ಮನೆ ಒಂದೂ ಇಲ್ಲದ ಕಡೆಯೂ ಪೀರಲ ದೇವರು ಏಳುತ್ತದೆ, ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಅದೇ ಬೆಂಕಿಗೆ ಹೀಗೇ ಹಲಗಿ ಕಾಸಿ ಬಾರಿಸುತ್ತಾರೆ, ರಿವಾಯತ್ ಪದ ಹಾಡುತ್ತಾರೆ ಅಂತ ಒಂದೇ ಉಸಿರಿಗೆ ಹೇಳಿದೆ. ಮೊಬೈಲಿನಲ್ಲಿದ್ದ ವಿಡಿಯೊ ತೋರಿಸಿದೆ. ಹುಡುಗರೂ ಬಗ್ಗಿ ನೋಡಿದರು. ಒಬ್ಬ ತಾಸಾದ ಮೇಲೆ ಬೆರಳಲ್ಲೇ ನಮ್ಮ ಹಲಗಿಯ ಹೆಜ್ಜೆ ಹಿಡಿಯಲು ನೋಡಿದ. ಸಿಕ್ಕಲಿಲ್ಲ, ಆದರೆ ಹತ್ತಿರ ಬಂದ.

ಆಗ ಆಕೆ ತನ್ನ ಮೊಬೈಲ್ ತೆಗೆದಳು. ಒಂದು ಹಳೇ ಕಾಗದದ ಫೋಟೊ. ಕಲ್ಕತ್ತಾದ ಡಿಪೋದಲ್ಲಿ ಕೂಲಿಗಳನ್ನು ಹಡಗು ಹತ್ತಿಸುವ ಮೊದಲು ಕೊಡುತ್ತಿದ್ದ ಚೀಟಿ, ಅವಳ ಅಮ್ಮನ ಮುತ್ತಜ್ಜಿಯದು. ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತು. ಜಿಲ್ಲೆ: ಬಸ್ತಿ.

"ಇಲ್ಲಿಗೆ ಹೋಗಿದ್ದೀರಾ?" ಅಂದಳು.

ಇಲ್ಲ ಅಂದೆ. ಉತ್ತರ ಪ್ರದೇಶ, ನಮ್ಮಿಂದ ಬಹಳ ದೂರ ಅಂದೆ. ದೂರದ ಮಾತನ್ನು ಟ್ರಿನಿಡಾಡಿನಲ್ಲಿ ನಿಂತು ಹೇಳುತ್ತಿದ್ದೇನೆ ಅಂತ ಆಮೇಲೆ ಹೊಳೆಯಿತು.

"ಸರಿ, ಈ ಮಾತಿನ ಅರ್ಥ ಹೇಳಿ" ಅಂದು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟು ದೊಡ್ಡದು ಮಾಡಿದಳು. ಅಚ್ಚಾದ ಅಕ್ಷರದಲ್ಲಿ ಜಾತಿ ಅಂತ ಇತ್ತು. ಪಕ್ಕದಲ್ಲಿ ಮಸಿಯಲ್ಲಿ ಬರೆದದ್ದು: ಚಮಾರ್.

"ಅಮ್ಮನ ಮನೆ ಕಡೆ ಯಾರಾದರೂ ಕೊಳಕಾಗಿ ನಡೆದುಕೊಂಡರೆ ಈ ಮಾತಲ್ಲಿ ಬೈತಿದ್ದರು. ನನಗೂ ಬೈದಿದ್ದಾರೆ. ಕಾಗದದ ಮೇಲೆ ಯಾಕಿದೆ? ಏನು ಹಾಗೆಂದರೆ?"

ಎಂಟು ಗಂಟೆ ಊರು ತೋರಿಸಿ, ಕೇಳಿದ್ದಕ್ಕೆಲ್ಲ ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟ ಹೆಣ್ಣುಮಗಳು. ನನ್ನನ್ನು ಕೇಳಿದ್ದು ಇದೊಂದೇ. ಚರ್ಮದ ಕೆಲಸ ಮಾಡುವವರು ಅಂದೆ. ಅಷ್ಟೇ ಅಂದೆ. ಸುಳ್ಳಲ್ಲ.

ಅವಳ ಮುಖ ಅರಳಿತು. ತಾಸಾದ ಹುಡುಗರ ಕಡೆ ತಿರುಗಿ, "ಕೇಳಿದ್ರೇನೋ? ಈ ಚರ್ಮ ಬಿಗಿಯುವ ವಿದ್ಯೆ ತಂದವರು ನಮ್ಮವರು" ಅಂದಳು. ಅವರು ಹೋ ಅಂದರು. ನನ್ನ ಕಡೆ ತಿರುಗಿ, "ನಿಮ್ಮ ವಿಡಿಯೊದಲ್ಲಿ ಬಾರಿಸುತ್ತಿದ್ದಾರಲ್ಲ, ಅವರು ನಿಮ್ಮವರಾ?" ಅಂದಳು.

ಹಬ್ಬದ ದಿನ ಹಲಗಿಯವರು ನಮ್ಮ ಮನೆ ಮುಂದೆಯೂ ಬಂದು ಬಾರಿಸುತ್ತಿದ್ದರು. ಕಟ್ಟೆ ಹತ್ತುತ್ತಿರಲಿಲ್ಲ. ಅವ್ವ ಜೋಳ, ಚಿಲ್ಲರೆ ಮೇಲಿನಿಂದ ಹಾಕುತ್ತಿದ್ದಳು, ಅವರು ಸೆರಗೊಡ್ಡಿ ಹಿಡಿಯುತ್ತಿದ್ದರು. ಆ ವಿಡಿಯೊ ನಾನು ತೆಗೆದದ್ದು ಕಟ್ಟೆಯ ಮೇಲೆ ನಿಂತು. ನೋಡಿದರೆ ಗೊತ್ತಾಗುತ್ತದೆ, ಎಲ್ಲರ ತಲೆ ಕಾಣುತ್ತದೆ.

"ನಮ್ಮೂರವರು" ಅಂದೆ.

ಆಕೆ ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಗೈಡ್ ಕೆಲಸ ಮಾಡುವವರಿಗೆ ಯಾರು ಎಲ್ಲಿ ಮಾತು ನುಂಗಿದರು ಅನ್ನುವುದು ತಿಳಿಯುತ್ತದೆ ಅಂತ ನನ್ನ ಗುಮಾನಿ. ಮತ್ತೆ ಕೇಳಲಿಲ್ಲ.

ಸಂಜೆ ಕೊನೆಯದಾಗಿ ಕ್ವೀನ್ಸ್ ಪಾರ್ಕ್ ಓವಲ್. ಅದು ನನ್ನ ಒತ್ತಾಯ, ಆಕೆಗೆ ಕ್ರಿಕೆಟ್ ಅಂದರೆ ಆಕಳಿಕೆ. ಗೇಟಿನವನ ಜೊತೆ ಏನೋ ಮಾತಾಡಿ ಐದು ನಿಮಿಷ ಒಳಗೆ ಬಿಡಿಸಿದಳು. ಹಿಂದೆ ಹಸಿರು ಗುಡ್ಡ, ಮುಂದೆ ಖಾಲಿ ಮೈದಾನ. 1976ರ ಏಪ್ರಿಲ್‌ನಲ್ಲಿ ಇಲ್ಲೇ ವೆಸ್ಟ್ ಇಂಡೀಸ್ ಮೇಲಿನ ಟೆಸ್ಟಿನಲ್ಲಿ ಇಂಡಿಯಾಕ್ಕೆ ಗೆಲ್ಲಲು 403 ಬೇಕಿತ್ತು, ನಾಲ್ಕನೇ ಇನಿಂಗ್ಸಿನಲ್ಲಿ 400 ದಾಟಿ ಗೆದ್ದ ತಂಡ ಅಲ್ಲಿಯವರೆಗೆ ಒಂದೇ ಇತ್ತು, ನಾವು ನಾಲ್ಕೇ ವಿಕೆಟ್ ಕಳಕೊಂಡು 406 ಹೊಡೆದೆವು, ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಆರು ವಿಕೆಟ್, ಕೊನೆಗೆ ಬ್ರಿಜೇಶ್ ಪಟೇಲ್ 49 ನಾಟೌಟ್, ಎಲ್ಲಕ್ಕಿಂತ ಮಿಗಿಲಾಗಿ ವಿಶ್ವನಾಥ್ 112 ಅಂತ ಕೈ ಬೀಸಿ ಬೀಸಿ ಹೇಳಿದೆ. ಸ್ಕ್ವೇರ್ ಕಟ್ ಕೂಡ ಆಡಿ ತೋರಿಸಿದೆ.

"ಇಂಡಿಯಾದಿಂದ ಬಂದವರೆಲ್ಲ ಇಲ್ಲಿ ಗವಾಸ್ಕರ್ ಅನ್ನುತ್ತಾರೆ. ಅವನ ಮೇಲೆ ನಮ್ಮಲ್ಲಿ ಹಾಡೇ ಇದೆ. ಈ ವಿಶ್ವನಾಥ್ ಯಾರು, ನಿಮ್ಮವನಾ?"

"ಹೌದು, ನಮ್ಮವನೇ" ಅಂದೆ. ಬಾಯಿಂದ ತಟ್ಟನೆ ಬಂತು. "ಭದ್ರಾವತಿಯವ."

"ನಿಮ್ಮ ಊರ ಹತ್ತಿರವಾ?"

ಭದ್ರಾವತಿಗೆ ನಾನು ಇವತ್ತಿನವರೆಗೂ ಹೋಗಿಲ್ಲ.