ತೂತು ಕಂಡ ಜಾಗ, ಗುಂಡು ಬಿದ್ದ ಜಾಗ: ಹೆದ್ದಾರಿ ದೂರುಗಳ ನಕ್ಷೆ ಹಾಕುವವರಿಗೆ

ಕಲಬುರಗಿ–ಹುಮನಾಬಾದ್–ಬೀದರ್ ದಾರಿಯಲ್ಲಿ ಓಡುವ ಗಾಡಿಗೆ ಯಾರೋ ಗುಂಡು ಹಾರಿಸಿದರು ಎಂಬ ದೂರು ಬಂದರೆ ಕಂಟ್ರೋಲ್ ರೂಮಿಗೆ ಹೊಸದಾಗಿ ಬಂದವರು ತಕ್ಷಣ ನಕ್ಷೆಯಲ್ಲಿ ಚುಕ್ಕೆ ಇಟ್ಟುಬಿಡುತ್ತಾರೆ, ಅದೂ ದೂರು ಕೊಟ್ಟ ಜಾಗದಲ್ಲಿ. ನಾಲ್ಕು ದೂರು ಸೇರುವಷ್ಟರಲ್ಲಿ ಚುಕ್ಕೆಗಳೆಲ್ಲ ಟೋಲ್ ನಾಕಾ, ಧಾಬಾ, ಪೆಟ್ರೋಲ್ ಬಂಕಿನ ಸುತ್ತ ಗುಂಪುಗೂಡಿರುತ್ತವೆ. ಅದು ಆರೋಪಿಯ ಅಡ್ಡೆಯಲ್ಲ, ಡ್ರೈವರುಗಳು ಚಹಾಕ್ಕೆ ಇಳಿಯುವ ಅಡ್ಡೆ.

ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಹತ್ತು ನಿಮಿಷ ತಡವಾಗಿ 112ಕ್ಕೆ ಫೋನ್ ಬಂದರೆ ಗಾಡಿ ಆಗಲೇ 13 ಕಿ.ಮೀ. ಆಚೆ. ಆದ್ದರಿಂದ ಎರಡು ಪ್ರಶ್ನೆ ಕೇಳಲೇಬೇಕು: ಗಾಡಿ ಸರಿಯಿದ್ದದ್ದನ್ನು ಕೊನೆಗೆ ನೋಡಿದ್ದು ಎಲ್ಲಿ, ಎಷ್ಟು ಹೊತ್ತಿಗೆ? ತೂತು ಮೊದಲು ಕಣ್ಣಿಗೆ ಬಿದ್ದದ್ದು ಎಲ್ಲಿ? ಇವೆರಡರ ನಡುವಿನ ರಸ್ತೆಯನ್ನೆಲ್ಲ ಗೆರೆಯಾಗಿ ಬಣ್ಣ ತುಂಬಿರಿ; ನಡುಮಧ್ಯೆ ಚುಕ್ಕೆ ಇಡಬೇಡಿ. ಫಾಸ್ಟ್‌ಟ್ಯಾಗ್ ಸಮಯ, ಲಾರಿಯ ಜಿಪಿಎಸ್ ಸಿಕ್ಕರೆ ಗೆರೆ ಚಿಕ್ಕದಾಗುತ್ತದೆ. ಹಲವು ದೂರುಗಳ ಗೆರೆ ಒಂದರ ಮೇಲೊಂದು ಬೀಳುವ ತುಂಡೇ ಕ್ಯಾಮೆರಾ ಇಡಬೇಕಾದ ಜಾಗ.

ಜರ್ಮನಿಯಲ್ಲಿ 2008ರಿಂದ 2013ರವರೆಗೆ ಲಾರಿ ಡ್ರೈವರನೊಬ್ಬ ಗಾಡಿ ಓಡಿಸುತ್ತಲೇ ಬೇರೆ ವಾಹನಗಳಿಗೆ 700ಕ್ಕೂ ಹೆಚ್ಚು ಗುಂಡು ಹಾರಿಸಿದ. ಬಹಳಷ್ಟು ಡ್ರೈವರುಗಳಿಗೆ ತೂತು ಕಂಡದ್ದು ಊರು ಮುಟ್ಟಿದ ಮೇಲೆಯೇ. ಪೊಲೀಸರು ಆಯ್ದ ಜಾಗಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇಟ್ಟು, ಗುಂಡು ಬಿದ್ದಿರಬಹುದಾದ ಸಮಯಗಳಲ್ಲಿ ಮತ್ತೆ ಮತ್ತೆ ಕಾಣಿಸಿದ ಗಾಡಿಯನ್ನು ಸೋಸಿ ತೆಗೆದರು. 2014ರಲ್ಲಿ ಅವನಿಗೆ ಹತ್ತೂವರೆ ವರ್ಷ ಶಿಕ್ಷೆಯಾಯಿತು.

ಇನ್ನು, ಬಂದ ದೂರೆಲ್ಲ ಗುಂಡಿನದಲ್ಲ. ವಾಡಿ, ಸೇಡಂ, ಶಹಾಬಾದ್ ಕಡೆ ಖಡಿ (ಜಲ್ಲಿಕಲ್ಲು) ತುಂಬಿದ ಟಿಪ್ಪರ್‌ಗಳೇ ಅರ್ಧ ಗೊಂದಲ ಹುಟ್ಟಿಸುತ್ತವೆ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ. ಚಕ್ರ ಚಿಮ್ಮಿಸಿದ ಕಲ್ಲು ಸಾಮಾನ್ಯವಾಗಿ ಹೊರಪದರವನ್ನಷ್ಟೇ ಕೀಳುತ್ತದೆ. ಒಳಗಿನಿಂದ ಉಗುರಾಡಿಸಿದರೆ ನುಣುಪಾಗಿರುತ್ತದೆ. 4.5 ಮಿ.ಮೀ. ಏರ್‌ಗನ್ ಛರೆಯ (ಸಣ್ಣ ಗುಂಡಿನ) ಗುರುತೂ ಹೆಚ್ಚುಕಮ್ಮಿ ಹಾಗೇ ಕಾಣುವುದರಿಂದ ಕಣ್ಣಂದಾಜಿನಲ್ಲಿ ತೀರ್ಪು ಕೊಡಬಾರದು. ಗುಂಡು ಆರಪಾರಾದರೆ ಒಳಬದಿಯ ತೂತು ಅಗಲ. ಪಕ್ಕದ ಗಾಜು ಪೂರ್ತಿ ಪುಡಿಯಾಗುವುದರಿಂದ ತೂತೇ ಉಳಿಯುವುದಿಲ್ಲ. ಆಗ ಸೀಟಿನ ಮಡಿಕೆ, ಮ್ಯಾಟ್, ಎದುರು ಬಾಗಿಲಿನ ಒಳಹೊದಿಕೆ ನೋಡಬೇಕು. ಕ್ಲೀನರ್ ಪೊರಕೆ ಹಿಡಿಯುವ ಮೊದಲೇ ತಡೆಯಿರಿ. ಸಿಕ್ಕ ಸೀಸವನ್ನು ಕಬ್ಬಿಣದ ಚಿಮಟದಲ್ಲಿ ಹಿಡಿದರೆ ಹೊಸ ಗೀರು ಬಿದ್ದು ಪ್ರಯೋಗಾಲಯಕ್ಕೆ ತಲೆನೋವು.

ತೂತಿನ ಎತ್ತರ, ಯಾವ ಬದಿ, ಎರಡನೇ ತೂತು ಎಲ್ಲಿ, ಇಷ್ಟನ್ನೂ ಟೇಪಿನಲ್ಲಿ ಅಳೆದು ಬರೆಯಿರಿ. ಎರಡು ತೂತಿನ ನಡುವೆ ದಾರ ಕಟ್ಟಿದರೆ ದಿಕ್ಕು ಸಿಗುತ್ತದೆ, ಆದರೆ ಓಡುವ ಗಾಡಿಯಲ್ಲಿ ಅದು ಸ್ವಲ್ಪ ಸುಳ್ಳು ಹೇಳುತ್ತದೆ. ಛರೆಯ ವೇಗ ಸೆಕೆಂಡಿಗೆ 150 ಮೀಟರ್ ಇದ್ದು, ನೇರ ಪಕ್ಕದಿಂದ ಬಂದಿದ್ದರೂ, 80ರಲ್ಲಿ ಹೋಗುವ ಗಾಡಿಯಲ್ಲಿ ಸುಮಾರು 8 ಡಿಗ್ರಿ ಮುಂದಿನಿಂದ ಬಂದಂತೆ ತೋರುತ್ತದೆ. ಇದನ್ನು ಕಳೆಯದೆ ಹೊಲದ ಬದು ಹುಡುಕಲು ಹೊರಟರೆ 30 ಮೀಟರ್ ದೂರದಲ್ಲಿ ನಾಲ್ಕು ಮೀಟರಿಗೂ ಹೆಚ್ಚು ತಪ್ಪುತ್ತದೆ. ದಾರ ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಮೇಲ್ಸೇತುವೆಯನ್ನೂ ಎದುರು ಬಂದ ಲಾರಿಯ ಕ್ಯಾಬಿನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ರಾತ್ರಿ ದೂರು ಜಾಸ್ತಿ ಎನ್ನುವ ಮೊದಲು ಟೋಲಿನಿಂದ ಗಂಟೆವಾರು ಗಾಡಿಗಳ ಲೆಕ್ಕ ತರಿಸಿ, ದೂರುಗಳನ್ನು ಅದರಿಂದ ಭಾಗಿಸಿ ನೋಡಿ. ಪತ್ರಿಕೆಯಲ್ಲಿ ಸುದ್ದಿ ಬಂದ ದಿನಾಂಕವನ್ನೂ ರಿಜಿಸ್ಟರಿನಲ್ಲಿ ಬರೆದಿಡಿ. ಮರುದಿನದಿಂದ ಹಳೆಯ ಬಿರುಕುಗಳೂ ದೂರಾಗಿ ಬರುತ್ತವೆ.

65ನೇ ಹೆದ್ದಾರಿ ಮಹಾರಾಷ್ಟ್ರದ ಉಮರ್ಗಾ, ನಮ್ಮ ಹುಮನಾಬಾದ್, ತೆಲಂಗಾಣದ ಜಹೀರಾಬಾದ್ ಎಂದು ಈ ಭಾಗದಲ್ಲೇ ಮೂರು ರಾಜ್ಯ ದಾಟುತ್ತದೆ. "ನಮ್ಮ ಹದ್ದಿಯಲ್ಲ" ಎಂದು ಡ್ರೈವರನನ್ನು ಸಾಗಹಾಕಿದರೆ ಒಂದು ಗೆರೆ ನಕ್ಷೆಯಿಂದಲೇ ಮಾಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಲ್ಲಿ ನಡೆದಿದ್ದರೂ ಝೀರೋ ಎಫ್‌ಐಆರ್ (ಬರೆದುಕೊಂಡು ಆ ಹದ್ದಿನ ಠಾಣೆಗೆ ಕಳಿಸುವ ದೂರು) ಬರೆದುಕೊಳ್ಳಬೇಕು. ಅದರಲ್ಲಿ ಆ ಎರಡು ಪ್ರಶ್ನೆಗಳ ಉತ್ತರವೂ ಇರಲಿ, ಪಕ್ಕದ ಜಿಲ್ಲೆಯವರು ಮತ್ತೆ ಡ್ರೈವರನನ್ನು ಹುಡುಕಿಕೊಂಡು ಹೋಗುವುದು ತಪ್ಪುತ್ತದೆ.